ಕೈ ಕಟ್ಟಿ ಕೂತವಳು

ವಾರ್ಡಿನ ಬಾಗಿಲಲ್ಲಿ ಬೈರಮ್ಮ ಕಾಣಿಸಿಕೊಂಡದ್ದೇ ದ್ರೌಪದಮ್ಮ ಸೆರಗು ಸರಿಮಾಡಿಕೊಂಡಳು. ಗಂಡನ ಅಕ್ಕ. ಪಕ್ಕದ ಮನೆಯವರ ಫೋನಿಗೆ ಸುದ್ದಿ ತಡವಾಗಿ ಮುಟ್ಟಿದರೂ, ಮುಟ್ಟಿದ ಕೂಡಲೇ ಹೊಸಕೋಟೆಯಿಂದ ಮೆಜೆಸ್ಟಿಕ್‌ಗೆ ಬಂದಿಳಿದು, ಚಾಮರಾಜಪೇಟೆಯ ಈ ನರ್ಸಿಂಗ್ ಹೋಮಿನವರೆಗೂ ಆಟೊದವನ ಜೊತೆ ಜಗಳವಾಡಿಕೊಂಡೇ ತಲುಪಿದ್ದಳು. ಲಕ್ವ ಹೊಡೆದ ತಮ್ಮ ಹಾಸಿಗೆ ಹಿಡಿದು ಮಲಗಿರುತ್ತಾನೆ, ತಲೆ ನೇವರಿಸಿ ಅಳೋಣ ಎಂದುಕೊಂಡು ಬಂದವಳಿಗೆ ಬೇರೆಯೇ ನೋಟ ಕಂಡಿತು. ಅರ್ಜುನಪ್ಪ ಕುರ್ಚಿಯಲ್ಲಿ ದಿಂಬುಗಳ ನಡುವೆ ನೆಟ್ಟಗೆ ಕೂತಿದ್ದ. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಮುದ್ದೆ. ಕೊರಳಿಗೆ ಕಟ್ಟಿದ ಟವೆಲ್ಲಿನ ತುಂಬ ಸೊಪ್ಪಿನ ಸಾರು. ಹೆಂಡತಿಯಾದವಳು ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತು ನೋಡುತ್ತಿದ್ದಳು.

“ನಿನ್ ಕೈಗೇನಾಗಿದ್ಯೇ?” ಅಂದಳು ಬೈರಮ್ಮ. “ಲಕ್ವ ಹೊಡ್ದಿರೋದು ಅವನಿಗೋ ನಿನಗೋ?”

“ಅವರೇ ತಿನ್ಬೇಕಂತೆ ಅತ್ತಿಗೆ. ಸಿಸ್ಟರ್ ಹೇಳಿದಾರೆ.”

ಹಾಗೆ ಕೈ ಕಟ್ಟಿ ಕೂರುವುದು ದ್ರೌಪದಮ್ಮನಿಗೆ ಹುಟ್ಟುಗುಣವಾಗಿ ಬಂದದ್ದಲ್ಲ. ಮಾರ್ಕೆಟ್ಟಿನ ತರಕಾರಿ ಮಂಡಿಯಲ್ಲಿ ಹತ್ತು ಜನರ ಮೇಲೆ ಕೂಗಾಡುತ್ತಿದ್ದ ಅರ್ಜುನಪ್ಪ ಮನೆಯಲ್ಲಿ ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡವನಲ್ಲ. ಬಗ್ಗಿಸಿಕೊಡುವುದೇ ತನ್ನ ಬದುಕು ಎಂದುಕೊಂಡಿದ್ದವಳು ಇವಳು. ಇಲ್ಲಿಗೆ ಬಂದ ಮೇಲೂ ನರ್ಸ್ ವಿನುತಾ ಆ ಕಡೆ ತಿರುಗಿದರೆ ಸಾಕು, ಈ ಕಡೆಯಿಂದ ಗಂಡನ ಬಾಯಿಗೆ ತುತ್ತು ಹೋಗುತ್ತಿತ್ತು. ಸಿಕ್ಕಿಬಿದ್ದದ್ದು ಟವೆಲ್ಲಿನಿಂದ. ಬಲಗೈ ಬಿದ್ದುಹೋದ ಮನುಷ್ಯ ಊಟ ಮುಗಿಸಿದ ಮೇಲೂ ಅದರ ಮೇಲೆ ಒಂದು ಹನಿ ಕಲೆಯಿಲ್ಲ ಅಂದರೆ ಯಾರು ನಂಬುತ್ತಾರೆ?

“ಅಮ್ಮ, ಬಲಗೈ ಅನ್ನೋದೊಂದಿದೆ ಅಂತ್ಲೇ ಅವರ ಮೆದುಳು ಮರ್ತುಬಿಟ್ಟಿದೆ,” ಅಂದಿದ್ದಳು ವಿನುತಾ. “ಈ ಮೊದಮೊದಲ ವಾರಗಳಲ್ಲಿ ಆ ಕೈಯಿಂದ ಕೆಲಸ ಮಾಡಿಸ್ತಾ ಇದ್ರೆ ಮತ್ತೆ ಕಲಿಯುತ್ತೆ. ನೀವು ತಿನ್ಸಿ ತಿನ್ಸಿ ಅದನ್ನ ಪೂರ್ತಿ ಮರೆಸ್ತಿದೀರ.” ಆ ಮಾತು ಕೇಳಿದ ಮೇಲೆಯೇ ದ್ರೌಪದಮ್ಮ ಊಟದ ಹೊತ್ತಿಗೆ ಕೈ ಕಟ್ಟಿ ಕೂರತೊಡಗಿದ್ದು. ಮುದ್ದೆ ಮುರಿದು ಉಂಡೆ ಮಾಡಿದರೆ ಐದೂ ಬೆರಳಿಗೆ ಕೆಲಸ ಎಂದು, ನುಂಗಲು ತೊಂದರೆಯಿಲ್ಲವೆಂದು ಗಂಟಲು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ವಿನುತಾಳೇ ದ್ರೌಪದಮ್ಮನ ಮನೆಯಿಂದ ಮುದ್ದೆ ತರಿಸಿದ್ದಳು. ಒಂದೇ ಕರಾರು, ಹಾಗೇ ನುಂಗುವಂತಿಲ್ಲ, ಅಗಿಯಬೇಕು. ಮುದ್ದೆಯನ್ನು ಅಗಿಯುವುದೇ! ಅದನ್ನು ಕೇಳಿದ ಅರ್ಜುನಪ್ಪ ಮೂರ್ಛೆ ಹೋಗುವುದೊಂದು ಬಾಕಿಯಿತ್ತು. ಎಡಗೈ ನೆಟ್ಟಗಿದ್ದರೂ ಅದರಲ್ಲಿ ಉಣ್ಣಲು ಅವನೇ ಒಪ್ಪಲಿಲ್ಲ.

ಇದನ್ನೆಲ್ಲ ಬೈರಮ್ಮನಿಗೆ ಹೇಳುವವರು ಯಾರು? ಹೇಳಿದರೆ ಕೇಳುವವರು ಯಾರು? ಮದುವೆಯಾಗಿ ಬಂದಾಗಿನಿಂದ ಅತ್ತಿಗೆಗೆ ಎದುರಾಡಿದವಳಲ್ಲ ದ್ರೌಪದಮ್ಮ. ಸಂಜೆಯೊಳಗೆ ಅರ್ಧ ಹೊಸಕೋಟೆಗೆ ಸುದ್ದಿ ಹಬ್ಬುತ್ತದೆಂದೂ ಗೊತ್ತು. ಗಂಡ ತುತ್ತಿಗೆ ಒದ್ದಾಡ್ತಿದ್ರೆ ಮಹಾರಾಣಿ ಕೂತು ನೋಡ್ತಿದ್ಲು ಅಂತ. ಅವಳಿಗೆ ನಾಚಿಕೆಯಾಯಿತು, ಭಯವೂ ಆಯಿತು.

ಅಷ್ಟರಲ್ಲಿ ಅರ್ಜುನಪ್ಪನ ಬೆರಳಲ್ಲಿದ್ದ ಚೂರು ಇನ್ನೊಮ್ಮೆ ಜಾರಿ ತೊಡೆಯ ಮೇಲೆ ಬಿತ್ತು.

“ಸಾಕು ಮಾಡ್ರೇ ನಿಮ್ ಆಸ್ಪತ್ರೆ ಆಟಾನ!” ಬೈರಮ್ಮ ಚೀಲ ಬಿಸಾಕಿ, ಕೊಳಾಯಿಯಲ್ಲಿ ಕೈ ತೊಳೆದು ಬಂದಳು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ತಮ್ಮನ ಬಾಯಿಯ ಹತ್ತಿರ ಹಿಡಿದಳು. “ಆ ಅನ್ನು ಅರ್ಜುನ, ನಾನಿದೀನಿ.”

ಅರ್ಜುನಪ್ಪ ಹೆಂಡತಿಯ ಕಡೆ ನೋಡಿದ. ಆಮೇಲೆ ಬಾಯಿ ತೆರೆದ. ಹಸಿದವನ ಮೇಲೆ ತಪ್ಪು ಹೊರಿಸುವುದು ಹೇಗೆ? ಆದರೆ ತುತ್ತು ಬಾಯಿ ಮುಟ್ಟಲಿಲ್ಲ. ದ್ರೌಪದಮ್ಮ ಎದ್ದು ಬೈರಮ್ಮನ ಮಣಿಕಟ್ಟನ್ನು ಹಿಡಿದಿದ್ದಳು.

“ಬಿಡೇ! ಹಸ್ಕೊಂಡಿದಾನೆ ಕಣೇ!”

“ಗೊತ್ತು ಅತ್ತಿಗೆ. ನನ್ ಕರುಳೂ ಕಿತ್ಕೊಂಡ್ ಬರ್ತಿದೆ. ಆದ್ರೆ ತಿನ್ಸಂಗಿಲ್ಲ.”

ಅರ್ಜುನಪ್ಪ ಬಾಯಿ ತೆರೆದುಕೊಂಡೇ ಸ್ವಲ್ಪ ಹೊತ್ತು ಕಾದ. ಏನೂ ಬರಲಿಲ್ಲ. ಬಾಯಿ ಮುಚ್ಚಿ ಇಬ್ಬರನ್ನೂ ಕೆಕ್ಕರಿಸಿ ನೋಡಿ, ಸೊಟ್ಟ ತುಟಿಯಲ್ಲೇ ಏನೋ ಬೈದ. ಸಿಟ್ಟಿನಲ್ಲೇ ಬಲಗೈ ತಟ್ಟೆಯ ಕಡೆ ತೆವಳಿತು. ಹೆಬ್ಬೆರಳು ಮುದ್ದೆಗೆ ಊರಿತು, ಒಂದು ಚೂರು ಕಿತ್ತು ಬಂತು. ಉಂಡೆಯಾಗಲಿಲ್ಲ, ಆಗಬೇಕೆಂದು ಯಾರೂ ಕೇಳಲೂ ಇಲ್ಲ. ಆ ಕೈ ನಡುಗುತ್ತ ಮೇಲೇರಿ ಗಲ್ಲಕ್ಕೆ ತಾಗಿ, ಮೀಸೆಗೆ ಮೆತ್ತಿ, ಕೊನೆಗೆ ಬಾಯಿಯೊಳಗೆ ಹೋಯಿತು. ಅರ್ಜುನಪ್ಪ ಅಗಿದ.

ಬೈರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಕೈಯಲ್ಲಿದ್ದ ತುತ್ತನ್ನು ತಟ್ಟೆಯ ಅಂಚಿಗೆ ಹಾಕಿ, ಮಣಿಕಟ್ಟು ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

“ಬಿಡೇ ದ್ರೌಪದಿ, ಕೈ ನೋಯ್ತಿದೆ.”

ದ್ರೌಪದಮ್ಮ ಗಂಡನ ಬೆರಳುಗಳಿಂದ ಕಣ್ಣು ಕೀಳಲಿಲ್ಲ, ಹಿಡಿತವನ್ನೂ ಸಡಿಲಿಸಲಿಲ್ಲ.

“ಇನ್ನೂ ಅರ್ಧ ಮುದ್ದೆ ಇದೆ ಅತ್ತಿಗೆ,” ಅಂದಳು.