ಕೂಸು ಮಲಗಿದ ಜಾಗ

ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಕೂಸು ಜ್ವರ ಬಂದು ತೀರಿಕೊಂಡಿತ್ತು. ಆ ಹುಲ್ಲುಬಯಲಿನಲ್ಲೇ ಮಣ್ಣು ಮಾಡಿ ಮುಂದೆ ನಡೆದಿದ್ದರು. ಗುರುತಿಗೆ ಇಡಲು ಒಂದು ಕಲ್ಲೂ ಸಿಕ್ಕಿರಲಿಲ್ಲ.

ಪ್ರತಿವರ್ಷ ಮಳೆಯಾದ ಮೇಲೆ ಲಗಮವ್ವ ಅಲ್ಲಿಗೆ ಬಂದು ಗಂಡ ಮಾಳಪ್ಪನನ್ನು ಕೇಳುತ್ತಾಳೆ.

“ಎಲ್ಲೈತ್ರಿ?”

“ಅಲ್ನೋಡು, ಹುಲ್ಲು ಹೆಂಗ್ ಬಂದೈತಿ. ನಮ್ಮ ಕೂಸು ಅದ ಮಣ್ಣಾಗ ಐತಿ.”

ಸುತ್ತಲೂ ಒರಟು ಹುಲ್ಲು. ಅದೊಂದು ಕಡೆ ಮಾತ್ರ ಕಡುಹಸಿರು, ಮೆತ್ತಗೆ. ಅವಳು ಅದನ್ನು ಸವರುತ್ತಾ ಅಳುತ್ತಾಳೆ. ಮಾಳಪ್ಪ ಮುಖ ತಿರುಗಿಸಿ ನಿಲ್ಲುತ್ತಾನೆ. ಮೊದಲ ವರ್ಷ ಎಷ್ಟು ಹುಡುಕಿದರೂ ನಿಜವಾದ ಜಾಗ ಅವನಿಗೆ ಸಿಕ್ಕಿರಲಿಲ್ಲ. ಅಂದಿನಿಂದ ಮಳೆಗೆ ಮುಂಚೆ ಕುರಿಗಳೊಂದಿಗೆ ಒಬ್ಬನೇ ಮುಂದಾಗಿ ಬಂದು, ಒಂದೇ ಕಡೆ ಅವನ್ನು ತರುಬಿ ನಿಲ್ಲಿಸುತ್ತಾನೆ. ಹಿಕ್ಕೆ, ಉಚ್ಚೆ ಇಂಗಿದ ಮಣ್ಣಿನಲ್ಲಿ ಹುಲ್ಲಿನ ಜಾತಿಯೇ ಬದಲಾಗುತ್ತದೆ.

ಈ ಸಲವೂ ಅವಳು ಅತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಆಚೆಗಿದ್ದ ಬನ್ನಿಗಿಡದ ಕಡೆ ಕೈ ತೋರಿಸಿದಳು.

“ಬರೋ ವರ್ಷ ಕುರಿ ಆ ಗಿಡದ ಬುಡಕ್ಕ ತರುಬ್ರಿ. ಕೂಸಿಗೆ ಇಲ್ಲಿ ಬಿಸಲು ಭಾಳ.”