ತಿಪ್ಪಕ್ಕನ ಬೈಗುಳ

ಸ್ಪೀಕರ್ ಕಂಪನಿಯವರು ತಿಪ್ಪಕ್ಕನ ಅಳುವನ್ನು ತೆಗೆದುಕೊಂಡರು, ಹಿಂದಿರುಗಿಸಲಿಲ್ಲ. ಹೊಸ ಸ್ಪೀಕರ್ ಪಳಗಬೇಕಾದರೆ ಅಳುವೋ ನಗುವೋ, ಯಾರದಾದರೂ ಒಂದು ದನಿ ಕುಡಿಯಲೇಬೇಕು. ಅದು ಕುಡಿದ ದನಿ ಮತ್ತೆ ಗಂಟಲಿಗೆ ಬರುವುದಿಲ್ಲ. ಹೀಗಾಗಿ ಅವ್ವ ಸತ್ತಾಗ ತಿಪ್ಪಕ್ಕ ಅಳಲಾಗದೆ ಕೂತಿದ್ದಳು. ಕೇರಿಯ ಹೆಂಗಸರೇ ಅವಳ ಪಾಲಿನದನ್ನೂ ಅತ್ತರು.

ಇವತ್ತು ಮತ್ತೆ ಅವಳನ್ನು ದಾವಣಗೆರೆಯ ದೊಡ್ಡ ಮನೆಯೊಂದಕ್ಕೆ ಕರೆಸಿದ್ದರು. ಕಂಪನಿಯ ಮೆಕ್ಯಾನಿಕ್ ರುದ್ರೇಶ ಟೇಪು ಹಿಡಿದು ಅಳೆದು, ಸ್ಪೀಕರುಗಳ ಮೂತಿಯನ್ನು ಸೋಫಾದ ಕಡೆ ತಿರುಗಿಸಿ, ಸಿನಿಮಾ ಹಾಕಿದ. ಆಗಲೇ ಪಳಗಿದ್ದ ಎಡಗಡೆಯ ಸ್ಪೀಕರಿನಲ್ಲಿ ನಾಯಕಿ ತಿಪ್ಪಕ್ಕನ ದನಿಯಲ್ಲೇ ಅತ್ತಳು.

"ಆಹಾ, ಎದೆಗೇ ಬಂದು ಬಡಿತೈತಿ," ಎಂದರು ಮನೆಯ ಯಜಮಾನರು.

"ಈ ಸಬ್‌ವೂಫರ್ ಒಂದು ಇನ್ನೂ ಹಸಿ ಐತಿ," ಎಂದು ರುದ್ರೇಶ ಗುಡುಗಿನಂಥ ದಪ್ಪ ಸದ್ದಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯೊಂದನ್ನು ಅವಳ ಮುಂದೆ ಸರಿಸಿದ. "ನಲ್ಲಿ ಕಟ್ಟೆ ಹತ್ರ ಬೈತೀಯಲ್ಲ ತಿಪ್ಪಕ್ಕ, ಆ ದನಿ ಕೊಡು. ಫೈಟ್ ಸೀನಿಗೆ ಚಲೋ ಇರ್ತತಿ."

ಮರುದಿನ ಅವಳ ಕೇರಿಯ ಗುಡಿಸಲುಗಳನ್ನು ಕೀಳಲು ಬುಲ್ಡೋಜರ್ ಬರುವುದಿತ್ತು. ತಿಪ್ಪಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಎಲ್ಲಿಗೆ ಹೊಂಟಿ? ಬಾಯಿ ತಗಿ ಮೊದ್ಲು," ಎಂದ ರುದ್ರೇಶ.

"ತಗಿತೀನಿ, ನಾಳೆ, ಬುಲ್ಡೋಜರ್ ಮುಂದೆ. ನಿನ್ನ ಡಬ್ಬಿ ಮುಂದೆ ತಗಿಯಲ್ಲ ಕಣೋ."