ಮೂಲೆಗಂಬದ ಪರೀಕ್ಷೆ

ಸ್ವಾತಂತ್ರ್ಯ ಬಂದ ಮೇಲೂ ಕೊಡಗು ಇನ್ನೂ ಸ್ವಂತ ರಾಜ್ಯವಾಗಿದ್ದ ಕಾಲ. ಹುದಿಕೇರಿಯ ಕಡೆ ಒಂದು ಕಾಫಿ ತೋಟವಿತ್ತು, ತೋಟದಲ್ಲೊಂದು ಹೊಸ ಗೋದಾಮಿತ್ತು, ಗೋದಾಮಿನ ಮೂಲೆಯಲ್ಲೊಂದು ಕಂಬವಿತ್ತು. ಅಜ್ಜಿ ಕಥೆಯ ರಾಕ್ಷಸನಿಗಾದರೆ ಕೋರೆಹಲ್ಲು. ಈ ಕಂಬಕ್ಕೆ ಅದೂ ಇರಲಿಲ್ಲ. ಆದರೂ ಅದನ್ನು ನೆನೆದರೆ ಓವರ್‌ಸಿಯರ್ ನಾಣಯ್ಯನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಇವತ್ತು ಅದರ ಪರೀಕ್ಷೆ. ಕಾಂಕ್ರೀಟು ಚಾವಣಿಯ ಮೇಲೆ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿ, ಗುಡ್ಡದ ತೊರೆಯ ನೀರನ್ನು ಪೈಪಿನಲ್ಲಿ ಹರಿಯಬಿಟ್ಟಿದ್ದರು. ಕಟ್ಟೆ ತುಂಬಿದರೆ, ಕೊಯ್ಲು ಮುಗಿದಾಗ ಮೇಲೆ ಪೇರಿಸುವ ಕಾಫಿ ಚೀಲಗಳಷ್ಟೇ ಭಾರ. ಕೂಲಿಗಳ ಸಾಲಿನ ಲೈನ್ ಮನೆ ಸುಟ್ಟುಹೋದ ತೋಟದಾಳು ಮುದ್ದಿಯ ಸಂಸಾರ ನಾಳೆಯಿಂದ ಅದರಡಿಯಲ್ಲೇ ಮಲಗಬೇಕು.

ನಕ್ಷೆ ನಾಣಯ್ಯನದೇ. ಚಾವಣಿ ಬಿದ್ದರೆ ಅವನ ಕೆಲಸವೂ ಬಿತ್ತು.

ನಡುವಿನ ಕಂಬಗಳನ್ನು ಚಾವಣಿ ಸುತ್ತಲೂ ತಬ್ಬಿಕೊಂಡಿತ್ತು. ಮೂಲೆಯದಕ್ಕೆ ಎರಡು ಕಡೆ ಬಯಲು, ಮೂರನೆಯ ಕಡೆ ಚೀಲ ಮೇಲೆಳೆಯಲು ಚಾವಣಿಯಲ್ಲೇ ಬಿಟ್ಟ ಕಿಂಡಿ. ಅಕ್ಕಿರೊಟ್ಟಿಯ ನಡುವೆ ಬೆರಳೊತ್ತಿದರೆ ರೊಟ್ಟಿ ತಡೆಯುತ್ತದೆ. ಹರಿದ ಅಂಚಿನಲ್ಲಿ ಒತ್ತಿದರೆ ಬೆರಳು ಆಚೆ ಬರುತ್ತದೆ. ಕಂಬವೂ ಹಾಗೇ ತೂರಿಬಿಟ್ಟರೆ?

“ಏನ್ ಸಾಮಿ, ಹೆಣ್ಣು ನೋಡೋಕೆ ಬಂದ ಗಂಡಿನ ಹಂಗೆ ಬೆವರ್ತಿದ್ದೀರಿ!” ಕಾವಲಿಗೆ ಕಟ್ಟಿದ ಹಗ್ಗದ ಆಚೆಯಿಂದ ಮುದ್ದಿ ಕಿಚಾಯಿಸಿದಳು.

“ಹಿಂದೆ ಸರಿ, ಮುದ್ದಿ. ಆ ಕೋಳೀನೂ ಹಿಡ್ಕೋ.”

ನೀರು ಕಟ್ಟೆಯ ಅರ್ಧಕ್ಕೇರಿತು. ಚಾವಣಿ ಮಿಸುಕಲಿಲ್ಲ. ನಾಣಯ್ಯನ ಮುಖ ಇನ್ನಷ್ಟು ಬಿಳುಚಿಕೊಂಡಿತು.

ತೋಟದ ಸಾಹುಕಾರ ಬೆಳ್ಯಪ್ಪ ನಕ್ಕ. “ನೋಡು, ಬಂಡೆ ಹಂಗೆ ನಿಂತಿದೆ. ಸಾಕು ಮಾರಾಯ, ನೀರು ನಿಲ್ಸು.”

“ಇನ್ನರ್ಧ ಇದೆ, ಸಾವ್ಕಾರ್ರೇ. ಪೂರ್ತಿ ನೋಡ್ತೀನಿ ಅಂತ ಮುದ್ದಿಗೆ ಮಾತು ಕೊಟ್ಟಿದ್ದೀನಿ.”

“ನಿನ್ನ ನಕ್ಷೆ ಮೇಲೆ ನಿನಗೇ ನಂಬಿಕೆ ಇಲ್ವಾ?”

ನೀರು ಕಟ್ಟೆಯ ಅಂಚು ಮುಟ್ಟಿತು. ನಾಣಯ್ಯನ ತುಟಿ ದೇವರು ಇಗ್ಗುತಪ್ಪನನ್ನು ಕರೆಯುತ್ತಿತ್ತು. ಏನೂ ಆಗಲಿಲ್ಲ. ಬೆಳ್ಯಪ್ಪ ಎದ್ದು, ಒಳಗೆ ಹೋಗಿ ನೋಡಲೆಂದು ಹಗ್ಗ ಎತ್ತಿದ. ನಾಣಯ್ಯ ತೋಳು ಹಿಡಿದು ಎಳೆದ. “ಬೇಡಿ!”

ಅಷ್ಟರಲ್ಲೇ ಕೋವಿ ಹಾರಿದಂಥ ಸದ್ದು. ಕಂಬ ನಿಂತಲ್ಲೇ ನಿಂತಿತ್ತು. ಚಾವಣಿ ಮಾತ್ರ ಅದರ ಸುತ್ತ ಹರಿದು ಕೆಳಗೆ ಕುಸಿಯಿತು. ನೀರು ಧೋ ಎಂದು ನೆಲಕ್ಕೆ ಸುರಿಯಿತು.

ಬೆಳ್ಯಪ್ಪ ಹಗ್ಗ ಬಿಟ್ಟು ಹಿಂದೆ ಸರಿದ. ನಾಣಯ್ಯ ಕೆಸರಿನಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ.

ಮುದ್ದಿಗೆ ಅಯ್ಯೋ ಅನ್ನಿಸಿತು. “ಅಳ್ಬೇಡಿ ಸಾಮಿ. ಹೋದ್ರೆ ಹೋಯ್ತು, ಇನ್ನೊಂದು ಕಟ್ಟಿದ್ರಾಯ್ತು.”

“ನನ್ನ ಲೆಕ್ಕ ತಪ್ಪಿದೆ, ಜನ ಸಾಯ್ತಾರೆ ಅಂತ ಎಷ್ಟು ಸಲ ಹೇಳಿದ್ರೂ ಸಾವ್ಕಾರ್ರು ನಂಬಲಿಲ್ಲ, ಮುದ್ದಿ. ಇವತ್ತು ಬೀಳದೇ ಹೋದ್ರೆ ಏನು ಗತಿ ಅಂತಲೇ ನಾನು ಹೆದರಿದ್ದು.”